ಯಾವ ಲ್ಯಾಪ್‌ಟಾಪು ತಗೊಳ್ಳಲಿ, ವಿಡಿಯೋ ಆಂಟಿ?

ಇಂಡಿಯನ್ ಗ್ರೋಸರಿಯಲ್ಲಿ ನಾನು ಬೆಂಡೆಕಾಯಿ ಆರಿಸುತ್ತಾ ನಿಂತಿದ್ದರೆ ಸಾಕು, ಹಿಂದಿನಿಂದ ಯಾರಾದರೂ ಬಂದು, "ಮನೇಲೇ ವಿಡಿಯೋ ಎಡಿಟ್ ಮಾಡೋಕೆ ಕಡಿಮೆ ರೇಟಿಂದು ಯಾವ ಲ್ಯಾಪ್‌ಟಾಪು ಒಳ್ಳೇದು?" ಅಂತ ಕೇಳಿಯೇ ಕೇಳುತ್ತಾರೆ. ಅವರಿಗೆಲ್ಲ ಉತ್ತರ ಹೇಳಿ ಮನೆಗೆ ಬಂದು ನೋಡಿದರೆ ಚೀಲದ ತುಂಬ ಬಲಿತ ಬೆಂಡೆಕಾಯಿ. ಕ್ಯಾಲಿಫೋರ್ನಿಯಾದ ಈ ಡ್ಯಾನ್‌ವಿಲ್ಲಿನ ಕನ್ನಡದವರಿಗೆಲ್ಲ ನಾನು ವಿಡಿಯೋ ಆಂಟಿ. ಹಾಗಾಗಬೇಕು ಅಂತ ನಾನೇನೂ ಆಸೆಪಟ್ಟವಳಲ್ಲ. ಆದರೆ ಇದಕ್ಕೆ ಕೈಹಾಕಿದ ಮೇಲೆ ಒಂದಲ್ಲ ಒಂದು ಆಗುತ್ತಲೇ ಇದೆ.

ಸ್ವಲ್ಪ ಮುಂದಿನ ಹಂತ

ನನ್ನ ಸಂಬಳದ ಕೆಲಸ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ. ಮೈಕ್ರೋಸ್ಕೋಪಿನ ಕೆಳಗೆ ಜೀವಕೋಶಗಳನ್ನಿಟ್ಟು, ಬಿಟ್ಟುಬಿಟ್ಟು ಫೋಟೋ ತೆಗೆದು, ಅವನ್ನೆಲ್ಲ ಜೋಡಿಸಿ ಪುಟ್ಟ ವಿಡಿಯೋ ಮಾಡುವುದೂ ಅದರಲ್ಲಿ ಸೇರಿದೆ. ಇಡೀ ದಿನ ನಡೆದದ್ದು ಕಣ್ಣುಮಿಟುಕಿಸುವುದರಲ್ಲಿ ನಡೆದುಹೋಗುತ್ತದೆ. ಒಂದು ಕೋಶ ಸೊಂಟ ಬಿಗಿದುಕೊಂಡು ಎರಡಾಗುತ್ತದೆ, ಆ ಎರಡೂ ಮತ್ತೆ ಸೊಂಟ ಬಿಗಿಯುತ್ತವೆ. ನನಗೆ ಗೊತ್ತಿದ್ದ ಎಡಿಟಿಂಗು ಅಷ್ಟೇ.

ಮೈಸೂರಿನ ಗೆಳತಿಯೊಬ್ಬಳು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದಳು. ಒಂದು ಶನಿವಾರ ಬಂದು, ತನ್ನ ತಂಗಿಯ ಸೀಮಂತದ ವಿಡಿಯೋ ಮಾಡಿಕೊಡು ಅಂದಳು. ದುಡ್ಡು ಕೊಟ್ಟು ಮಾಡಿಸೋಣವೆಂದರೆ ಅವರು ಹೇಳುವ ರೇಟಿಗೆ ಇನ್ನೊಂದು ಸೀಮಂತವನ್ನೇ ಮಾಡಬಹುದಂತೆ. ನನಗೆ ಅದೆಲ್ಲ ಬರುವುದಿಲ್ಲ, ನಾನು ಇದುವರೆಗೆ ಮಾಡಿರುವುದು ಜೀವಕೋಶ ಒಡೆದು ಎರಡಾಗುವ ವಿಡಿಯೋ ಮಾತ್ರ ಅಂತ ಬಿಡಿಸಿ ಹೇಳಿದೆ.

ಅವಳು ಕಾಫಿ ಲೋಟ ಕೆಳಗಿಟ್ಟು ನಿಧಾನವಾಗಿ ಹೇಳಿದಳು. "ಇದೂ ಅದೇ ಕಣೇ. ಸ್ವಲ್ಪ ಮುಂದಿನ ಹಂತ."

ಇಡ್ಲಿ ಹಿಟ್ಟು

ಸೀಮಂತದ ವಿಡಿಯೋ ಮಾಡಿದ್ದು ನಮ್ಮ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ. ಸಾಫ್ಟ್‌ವೇರು ಪುಕ್ಕಟೆಯದು, ಕೆಲಸಕ್ಕೇನೂ ಮೋಸವಿಲ್ಲ. ತೊಂದರೆ ಇದ್ದದ್ದು ಕೊನೆಯಲ್ಲಿ. ಎಡಿಟಿಂಗು ಮುಗಿದ ಮೇಲೆ ತುಣುಕುಗಳನ್ನೆಲ್ಲ ಕಂಪ್ಯೂಟರು ಒಂದೇ ಫೈಲಾಗಿ ಹೊಲಿಯಬೇಕು. ಅದಕ್ಕೆ ಎಕ್ಸ್‌ಪೋರ್ಟ್ ಅನ್ನುತ್ತಾರೆ. ಎಕ್ಸ್‌ಪೋರ್ಟಿಗೆ ಹಾಕಿದ ಕೂಡಲೇ ನಮ್ಮ ಲ್ಯಾಪ್‌ಟಾಪು ಬುಸುಗುಡುತ್ತಿತ್ತು. ಆಮೇಲೆ ಕಾದ ಹೆಂಚಿನ ಹಾಗೆ ಆಗುತ್ತಿತ್ತು.

ಆ ಚಳಿಗಾಲದಲ್ಲಿ ನಮ್ಮತ್ತೆ ಹಾಸನದಿಂದ ಬಂದಿದ್ದರು. ಅವರಿಗೆ ಅಮೆರಿಕದ ಮೇಲಿದ್ದ ತಕರಾರು ಒಂದೇ: ಇಲ್ಲಿ ಇಡ್ಲಿ ಹಿಟ್ಟು ಹುದುಗು ಬರುವುದಿಲ್ಲ. ಓವನ್ನಿನ ದೀಪ ಹಾಕಿ ಒಳಗಿಡಿ ಅಂದರೆ ಅವರಿಗೆ ಧೈರ್ಯವಿಲ್ಲ. ಯಾರಾದರೂ ಮರೆತು ಓವನ್ ಹಚ್ಚಿಬಿಟ್ಟರೆ ಅನ್ನುವ ಭಯ. ಒಂದು ದಿನ ಬಂದು ನೋಡುತ್ತೇನೆ, ಎಕ್ಸ್‌ಪೋರ್ಟ್ ಆಗುತ್ತಿರುವ ಲ್ಯಾಪ್‌ಟಾಪಿಗೆ ಒತ್ತಿಕೊಂಡು ಹಿಟ್ಟಿನ ಪಾತ್ರೆ ಕೂತಿದೆ. ಎರಡಕ್ಕೂ ಸೇರಿಸಿ ಒಂದೇ ಶಾಲು ಹೊದಿಸಿದ್ದಾರೆ. ಮಾರನೇ ದಿನ ಹಿಟ್ಟು ಮುಚ್ಚಳ ಎತ್ತಿಕೊಂಡು ಹೊರಗೆ ಬಂದಿತ್ತು. ಅಂಥ ಮೆತ್ತಗಿನ ಇಡ್ಲಿಯನ್ನು ನಾನು ಈ ದೇಶದಲ್ಲಿ ತಿಂದಿರಲಿಲ್ಲ. ಅಲ್ಲಿಂದ ಮುಂದೆ ಅಕ್ಕಿ ನೆನೆಸುವ ಮುಂಚೆ ನನ್ನನ್ನು ಕೇಳುವುದು ರೂಢಿಯಾಯಿತು: "ಇವತ್ತು ವಿಡಿಯೋ ಇದೆಯೇನಮ್ಮ?"

ಈ ನಡುವೆ ನನ್ನ ಗಂಡ ಹೊಸ ಕಂಪ್ಯೂಟರಿನ ಸಂಶೋಧನೆಯಲ್ಲಿದ್ದರು. ಅವರು ಇಂಜಿನಿಯರು. ಊಟ ಮಾಡುವಾಗಲೂ ರಿವ್ಯೂ ನೋಡುತ್ತಿದ್ದರು. ಇದೇ ಸರಿ ಅಂತ ಅವರು ತೀರ್ಮಾನಕ್ಕೆ ಬರುವ ಹೊತ್ತಿಗೆ ಆ ಕಂಪನಿಯವರು ಅದಕ್ಕಿಂತ ಒಳ್ಳೆಯದನ್ನು ಬಿಡುತ್ತಿದ್ದರು. ಕೊನೆಗೂ ಯಾವುದೋ ಆಫೀಸಿನವರು ಬಳಸಿ ಬಿಟ್ಟದ್ದನ್ನು ಸರಿಮಾಡಿ ಮಾರುತ್ತಿದ್ದ ಡೆಸ್ಕ್‌ಟಾಪು ತಂದರು. ಮೆಮೊರಿ ಜಾಸ್ತಿ ಹಾಕಿಸಿದರು. ನಿಜವಾಗಿ ಒಳ್ಳೆಯ ಆಯ್ಕೆ. ಮೊದಲ ಎಕ್ಸ್‌ಪೋರ್ಟು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಗಿಹೋಯಿತು. ಸದ್ದಿಲ್ಲ, ಬಿಸಿಯಿಲ್ಲ. ಗಂಡ ಹೆಮ್ಮೆಯಿಂದ ಅಮ್ಮನನ್ನು ಕರೆದು ತೋರಿಸಿದರು. ಅತ್ತೆ ಅದರ ಬೆನ್ನು ಮುಟ್ಟಿ ನೋಡಿದರು, ಪಕ್ಕ ಮುಟ್ಟಿ ನೋಡಿದರು.

"ನಿನಗ್ಯಾರೋ ಟೋಪಿ ಹಾಕವ್ರೆ ಕಣಪ್ಪ," ಅಂದರು. "ಇದು ಬೆಚ್ಚಗೇ ಆಗಲ್ವಲ್ಲ."

ಹಳೇ ಲ್ಯಾಪ್‌ಟಾಪು ಈಗ ಅಡುಗೆಮನೆಯಲ್ಲಿದೆ. ಇಡ್ಲಿ ಮಾಡಬೇಕಾದಾಗ ಯಾವುದಾದರೂ ಹಳೇ ನಾಮಕರಣವನ್ನು ಇನ್ನೊಂದು ಸಲ ಎಕ್ಸ್‌ಪೋರ್ಟಿಗೆ ಹಾಕುತ್ತೇವೆ.

ಅಜ್ಜಿಯ ಧೈರ್ಯ

ಹೊಸ ಕಂಪ್ಯೂಟರು ಬಂದ ಮೇಲೆ ಅತ್ತೆ ಸಾರು ಮಾಡುವುದನ್ನೂ ವಿಡಿಯೋ ಮಾಡಿದೆವು. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಅವಳ ಸ್ಕೂಲಿನ ಗೆಳತಿಗೆ ಅಜ್ಜಿಯ ಅಡುಗೆ ತೋರಿಸಬೇಕಂತೆ. ಅದಕ್ಕೆ ಕೆಳಗೆ ಇಂಗ್ಲಿಷ್ ಅಕ್ಷರ ಬರಬೇಕು. ಸಾಫ್ಟ್‌ವೇರಿನಲ್ಲಿ ಮಾತು ಕೇಳಿಸಿಕೊಂಡು ತಾನೇ ಬರೆಯುವ ಒಂದು ಬಟನ್ನಿತ್ತು. ಅದೂ ಪುಕ್ಕಟೆ. ಮಗಳು ಒತ್ತಿದಳು, ಬಂದದ್ದನ್ನು ಓದಿಯೂ ನೋಡದೆ ಗೆಳತಿಗೆ ಕಳಿಸಿದಳು.

ಅದು ಕನ್ನಡವನ್ನೂ ಇಂಗ್ಲಿಷ್ ಅಂತಲೇ ಕೇಳಿಸಿಕೊಂಡಿತ್ತು. ಸಾಸಿವೆ ಚಟಪಟ ಸಿಡಿಯುತ್ತಿದೆ, ಹೊಗೆ ಏಳುತ್ತಿದೆ, ಅತ್ತೆ ಸೌಟು ಹಿಡಿದು ಕ್ಯಾಮೆರಾ ನೋಡಿ ಸಮಾಧಾನವಾಗಿ "ಒಗ್ಗರಣೆ" ಅನ್ನುತ್ತಾರೆ. ಕೆಳಗೆ ದಪ್ಪ ಅಕ್ಷರದಲ್ಲಿ ಬರುತ್ತದೆ: "ಓ ಗಾಡ್, ರನ್."

ಆ ಹುಡುಗಿ ಮಾರನೇ ದಿನವೇ ಕೇಳಿದ್ದಾಳೆ, ಎಲ್ಲರಿಗೂ ಓಡಿ ಅಂತ ಹೇಳಿ ನಿನ್ನ ಗ್ರ್ಯಾಂಡ್‌ಮಾ ಮಾತ್ರ ಯಾಕೆ ಓಡಲಿಲ್ಲ ಅಂತ. ಮಗಳು ನಗುತ್ತಾ ಬಂದು ಅಜ್ಜಿಗೆ ವಿಷಯ ಹೇಳಿದಳು. ನಾನು ಕನ್ನಡಕ್ಕೆ ತಿರುಗಿಸಿದೆ. ಅತ್ತೆ ನಗಲಿಲ್ಲ, ಯೋಚನೆ ಮಾಡಿದರು.

"ಒಲೆ ಮೇಲೆ ಸಾರು ಬಿಟ್ಟು ಎಲ್ಲಿಗೇಂತ ಓಡ್ಲಿ ಹೇಳು ಅವಳಿಗೆ."

ಡಾಕ್ಟರ ಮನೆ ಲೈಟಿಂಗು

ನಮ್ಮ ರಸ್ತೆಯ ತುದಿಯ ದೊಡ್ಡ ಮನೆಯಲ್ಲಿ ಮೈಸೂರು ಕಡೆಯ ಒಬ್ಬ ಸರ್ಜನ್ನು ಇದ್ದಾರೆ. ಎಲ್ಲರೂ ಡಾಕ್ಟ್ರು ಅಂತಲೇ ಕರೆಯುವುದು. ಅವರಿಗೂ ತಮ್ಮ ಟ್ರಿಪ್ಪಿನ ವಿಡಿಯೋಗಳನ್ನು ತಾವೇ ಎಡಿಟ್ ಮಾಡುವ ಹುಕಿ ಬಂತು. ನಾನು ಹೋಗಿ ನೋಡಿ, ನಿಮ್ಮಲ್ಲಿರುವ ಲ್ಯಾಪ್‌ಟಾಪೇ ಬೇಕಾದಷ್ಟಾಯಿತು, ವಿಡಿಯೋ ತುಂಬಿಡುವುದಕ್ಕೆ ಒಂದು ಹೊರಗಿನ ಡಿಸ್ಕ್ ತಗೊಳ್ಳಿ, ಸಾಫ್ಟ್‌ವೇರು ಪುಕ್ಕಟೆ ಸಿಗುತ್ತದೆ ಅಂದೆ. ಪುಕ್ಕಟೆ ಅಂದಕೂಡಲೇ ಅವರ ಮುಖ ಸಪ್ಪಗಾಯಿತು. ಪುಕ್ಕಟೆ ಆಪರೇಷನ್ ಮಾಡುತ್ತೇನೆ ಅಂದರೆ ನೀನು ಮಲಗುತ್ತೀಯೇನಮ್ಮ ಅಂತ ನನ್ನನ್ನೇ ಕೇಳಿದರು.

ಆಮೇಲೆ ಅಂಗಡಿಗೆ ಹೋಗಿ ಗೇಮ್ ಆಡುವ ಹುಡುಗರು ಕೊಳ್ಳುವಂಥ ಕಂಪ್ಯೂಟರು ತಂದರು. ಗಾಜಿನ ಪೆಟ್ಟಿಗೆ, ಒಳಗೆ ಫ್ಯಾನುಗಳು, ಫ್ಯಾನಿಗೆಲ್ಲ ದೀಪ. ಕೆಂಪು ಹೋಗಿ ಹಸಿರು, ಹಸಿರು ಹೋಗಿ ನೇರಳೆ. ಸ್ವಲ್ಪ ದಿನ ಅದರ ಮುಂದೆ ಕೂತರು. ಆಮೇಲೆ ಆಸ್ಪತ್ರೆ ಕೆಲಸ ಹೆಚ್ಚಾಗಿ ಅದು ಮೂಲೆ ಸೇರಿತು.

ಗಣೇಶನ ಹಬ್ಬಕ್ಕೆ ಅವರ ಮನೆಗೆ ಹೋದಾಗ ಮಂಟಪದ ಹಿಂದಿನಿಂದ ಬಣ್ಣಬಣ್ಣದ ಬೆಳಕು ಬರುತ್ತಿತ್ತು. ಗಣೇಶನ ಮುಖ ಕ್ಷಣಕ್ಕೊಂದು ಕಳೆ ಕಟ್ಟುತ್ತಿತ್ತು. ಬಂದವರೆಲ್ಲ ಈ ಸಲ ಲೈಟಿಂಗು ತುಂಬಾ ಚೆನ್ನಾಗಿದೆ ಅಂತ ಹೊಗಳಿದರು. ಎಲ್ಲಿ ತಗೊಂಡಿರಿ ಅಂತ ಒಬ್ಬರು ಕೇಳಿಯೂಬಿಟ್ಟರು. ಡಾಕ್ಟರ ಹೆಂಡತಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಹೆಂಗೂ ತಂದಾಗಿತ್ತಲ್ಲ. ಸೀರಿಯಲ್ ಸೆಟ್ಟಿನ ಖರ್ಚು ಉಳೀತು."

ಎಂಗೇಜ್‌ಮೆಂಟು

ಒಂದು ಸಲ ಮಾತ್ರ ನಾನು ಪುಕ್ಕಟೆಯದು ಬಿಟ್ಟು ದುಡ್ಡಿನ ಸಾಫ್ಟ್‌ವೇರಿನ ಕಡೆ ಕಣ್ಣು ಹಾಕಿದೆ. ಕೊಳ್ಳುವ ಮುಂಚೆ ಬಳಸಿ ನೋಡಿ ಅಂತ ಅವರೇ ಕೊಟ್ಟಿದ್ದರು. ಮಂಡ್ಯದ ಕಡೆಯ ಒಂದು ಕುಟುಂಬದ ಹುಡುಗಿಯ ಎಂಗೇಜ್‌ಮೆಂಟು ವಿಡಿಯೋವನ್ನು ಅದರಲ್ಲೇ ಮಾಡಿದೆ. ಬಣ್ಣವೆಲ್ಲ ಬಹಳ ಚೆನ್ನಾಗಿ ಬಂತು. ಎಕ್ಸ್‌ಪೋರ್ಟ್ ಆದದ್ದನ್ನು ತೆರೆದೂ ನೋಡದೆ ತಗೊಂಡು ಹೋದೆ. ಹುಡುಗಿಯ ಮನೆಯಲ್ಲಿ ಗಂಡಿನ ಕಡೆಯವರೂ ಊಟಕ್ಕೆ ಬಂದಿದ್ದರು. ಗೋಡೆಯಷ್ಟಗಲದ ಟಿವಿಯಲ್ಲಿ ಹಾಕಿದರು.

ಹುಡುಗ ಹುಡುಗಿ ಹಾರ ಹಿಡಿದು ನಿಂತಿದ್ದಾರೆ. ಇಬ್ಬರ ಮುಖದ ಮೇಲೂ ಅಡ್ಡಡ್ಡ ಬರೆದಿದೆ: "ಟ್ರಯಲ್ ವರ್ಷನ್." ಉಂಗುರ ತೊಡಿಸುವಾಗಲೂ ಟ್ರಯಲ್ ವರ್ಷನ್. ಹಿರಿಯರ ಕಾಲಿಗೆ ಬಿದ್ದಾಗ ಹಿರಿಯರ ಮೇಲೂ ಅದೇ. ದುಡ್ಡು ಕಟ್ಟದವರ ಎಕ್ಸ್‌ಪೋರ್ಟಿನ ಮೇಲೆ ಅವರು ಒತ್ತುವ ಮುದ್ರೆಯಂತೆ, ಎಡಿಟ್ ಮಾಡುವಾಗ ಅದು ಕಂಡೇ ಇರಲಿಲ್ಲ. ಹುಡುಗಿಯ ಅಜ್ಜಿ, ಏನಪ್ಪಾ ಅದು ಬರೆದಿರೋದು ಅಂತ ಕೇಳಿದರು. ಹುಡುಗಿಯ ಅಪ್ಪ ತಡವರಿಸುತ್ತಾ, ಸದ್ಯಕ್ಕೆ ಹಿಂಗೆ ನೋಡೋದು, ಸರಿಹೋದ್ರೆ ಇಟ್ಕೊಳ್ಳೋದು, ಇಲ್ದಿದ್ರೆ ವಾಪಸ್ಸು ಅಂತ ಅರ್ಥ ಕಣವ್ವ ಅಂದುಬಿಟ್ಟರು. ಬೀಗರು ಊಟದ ತಟ್ಟೆಯಿಂದ ತಲೆ ಎತ್ತಿದರು. ನನಗೆ ಸೋಫಾದೊಳಗೆ ಇಳಿದುಹೋಗೋಣ ಅನ್ನಿಸಿತು.

ಹುಡುಗಿಯೇ ನನ್ನ ಪಕ್ಕ ಬಂದು ಕೂತು ಸಮಾಧಾನ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ.

"ಇರಲಿ ಬಿಡಿ ಆಂಟಿ. ಇದು ಎಂಗೇಜ್‌ಮೆಂಟು ತಾನೇ. ಎಲ್ಲ ಸರಿಹೋದ್ರೆ ಮದುವೆಗೆ ಫುಲ್ ವರ್ಷನ್ ಹಾಕೋಣ."

ಹುಡುಗ ಆವತ್ತು ತಟ್ಟೆಗಳನ್ನೆಲ್ಲ ತಾನೇ ಎತ್ತಿ, ತೊಳೆದಿಟ್ಟು ಹೋದ.

ಅರವತ್ತರ ಶಾಂತಿ

ಡಾಕ್ಟರಿಗೆ ಅರವತ್ತು ತುಂಬಿತು. ಲಿವರ್‌ಮೋರಿನ ದೇವಸ್ಥಾನದಲ್ಲಿ ಪೂಜೆ, ಆಮೇಲೆ ಹತ್ತಿರದ ಒಂದು ಪಾರ್ಟಿ ಹಾಲಿನಲ್ಲಿ ಊಟ. ಊಟಕ್ಕೆ ಮುಂಚೆ ಅವರಿಗೆ ಗೊತ್ತಿಲ್ಲದ ಹಾಗೆ ಒಂದು ವಿಡಿಯೋ ತೋರಿಸಬೇಕು ಅಂತ ಅವರ ಹೆಂಡತಿ ನನಗೆ ಒಪ್ಪಿಸಿದರು. ಊರಿಂದ ನೆಂಟರು ಕಳಿಸಿದ ಹಾರೈಕೆಗಳು, ಹಳೇ ಫೋಟೋಗಳು, ಮಗಳ ಗ್ರಾಜುಯೇಷನ್ ಪಾರ್ಟಿಯಲ್ಲಿ ಡಾಕ್ಟರು ಮಾಡಿದ ಭಾಷಣ, ಎಲ್ಲ ಸೇರಿಸಬೇಕು. ನೂರಾರು ಜನರ ಮುಂದೆ ನನ್ನ ಕೆಲಸ ಬರುತ್ತಿದ್ದದ್ದು ಅದೇ ಮೊದಲು.

ನಮ್ಮ ಮನೆಯಲ್ಲಿ ಎಡಿಟಿಂಗು ನಡೆಯುವುದು ಹೀಗೆ: ನಾನು ಕಂಪ್ಯೂಟರಿನ ಮುಂದೆ, ಗಂಡ ಹಿಂದೆ ಸೋಫಾದಲ್ಲಿ. ಅವರು ನೋಡುತ್ತಾ ಎಲ್ಲೆಲ್ಲಿ ಏನು ಸರಿಮಾಡಬೇಕು ಅಂತ ಹೇಳುತ್ತಾರೆ. ಮರೆಯದಿರಲಿ ಅಂತ ನಾನದನ್ನು ಆ ದೃಶ್ಯದ ಮೇಲೆಯೇ ಹಳದಿ ಅಕ್ಷರದಲ್ಲಿ ಟೈಪ್ ಮಾಡಿಡುತ್ತೇನೆ. ಹೀಗೆ ಬರಹವಿರುವ ಫೈಲು ಒಂದು, ಎಲ್ಲ ಸರಿಮಾಡಿ ಅಳಿಸಿದ ಫೈಲು ಇನ್ನೊಂದು. ಪೆನ್‌ಡ್ರೈವಿಗೆ ಹಾಕಿಕೊಂಡದ್ದು ಮೊದಲನೆಯದು ಅಂತ ಗೊತ್ತಾದದ್ದು ಹಾಲಿನಲ್ಲಿ ದೀಪ ಆರಿಸಿದ ಮೇಲೆ.

ಮೈಸೂರಿನಲ್ಲಿರುವ ಡಾಕ್ಟರ ಭಾವಮೈದುನ ಪರದೆಯ ಮೇಲೆ ಬಂದು ಹಾರೈಸತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಅವರ ಎದೆಯ ಮೇಲೆ ಹಳದಿ ಅಕ್ಷರ ಮೂಡಿತು: "ಇವರು ಇನ್ನೂ ಮುಗಿಸಿಲ್ಲ." ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಗಂಡ ನನ್ನ ಕೈ ಹಿಡಿದುಕೊಂಡರು. ಆಮೇಲೆ ಡಾಕ್ಟರ ತಂಗಿ ದೇವರನಾಮ ಹಾಡಿದರು. ಅದರ ಮೇಲೆ: "ಪಲ್ಲವಿ ಸಾಕು." ಆ ತಂಗಿ ಮುಂದಿನ ಸಾಲಿನಲ್ಲೇ ರೇಷ್ಮೆ ಸೀರೆ ಉಟ್ಟು ಕೂತಿದ್ದರು. ನಾನು ಎದ್ದು ವಿಡಿಯೋ ಓಡುತ್ತಿದ್ದ ಲ್ಯಾಪ್‌ಟಾಪಿನ ಕಡೆ ಹೊರಟೆ. ಕತ್ತಲಲ್ಲಿ ಕುರ್ಚಿಗಳ ಸಂದಿಯಲ್ಲಿ ನುಗ್ಗುತ್ತಾ ಅರ್ಧ ದಾರಿ ಹೋಗಿದ್ದೇನೆ, ಅಷ್ಟರಲ್ಲಿ ಡಾಕ್ಟರ ಭಾಷಣ ಬಂತು. ಸೂಟು ಹಾಕಿಕೊಂಡು, ಸುಖವಾಗಿ ಬೆಳೆದ ಹೊಟ್ಟೆಯನ್ನು ಮುಂದೆ ಮಾಡಿ ನಿಂತಿದ್ದಾರೆ. ಹಳದಿ ಅಕ್ಷರ ಬಂದದ್ದು ಸರಿಯಾಗಿ ಆ ಹೊಟ್ಟೆಯ ಮೇಲೆ.

"ಇಲ್ಲಿ ಕತ್ತರಿಸು."

ಯಾರೋ ವಿಡಿಯೋ ನಿಲ್ಲಿಸಿ ದೀಪ ಹಾಕಿದರು. ನಾನು ಹಾಲಿನ ನಡುಮಧ್ಯದಲ್ಲಿ, ಎಲ್ಲರ ಕಣ್ಣೂ ನನ್ನ ಮೇಲೆ. ಯಾರಿಗೂ ನಗುವ ಧೈರ್ಯವಿಲ್ಲ. ಡಾಕ್ಟರು ಹಾರ ಸರಿಮಾಡಿಕೊಂಡು ಎದ್ದರು, ಮೈಕು ತಗೊಂಡರು, ಪರದೆಯ ಮೇಲೆ ನಿಂತುಹೋಗಿದ್ದ ತಮ್ಮ ಹೊಟ್ಟೆಯನ್ನು ಒಂದು ಸಲ ಚೆನ್ನಾಗಿ ನೋಡಿದರು.

"ನೋಡಮ್ಮ," ಅಂದರು ನನಗೆ, "ನಾನೂ ಆಪರೇಷನ್ನಿಗೆ ಮುಂಚೆ ಪೇಷೆಂಟಿನ ಮೇಲೆ ಹಿಂಗೇ ಗುರುತು ಹಾಕ್ಕೋತೀನಿ. ಆದ್ರೆ ಜನಕ್ಕೆ ತೋರ್ಸೋಕೆ ಮುಂಚೆ ಅಳಿಸ್ತೀನಿ."