ದೋಷ ಕೀಳುವ ಡಬರಿ

"ಹಾಗಾದರೆ ಇವತ್ತಿಗೆ ಮುಗಿದೇ ಹೋಗುತ್ತಾ?"

ಅಲಮೇಲಮ್ಮ ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಕೈಯಲ್ಲಿ ಒರೆಸುವ ಬಟ್ಟೆ, ಎದುರಿಗೆ ಗ್ರಂಥವಿಡುವ ವ್ಯಾಸಪೀಠ. ಕಳೆದ ದಸರೆಯಿಂದ ಅವರ ತುಮಕೂರಿನ ಮನೆಯ ಹಜಾರದಲ್ಲಿ ಸಂಜೆಸಂಜೆ ನಡೆದು ಬಂದ ಕಾವ್ಯವಾಚನಕ್ಕೆ ಇವತ್ತು ಮಂಗಳ. ಹಾಡಿ ಓದುವ ಅನಂತಶಯನರು ಮೊದಲೇ ಹೇಳಿಬಿಟ್ಟಿದ್ದರು: "ಗಂಟಲು ಸೋತಿದೆ ತಾಯಿ. ಇದು ಮುಗಿದ ಮೇಲೆ ಇನ್ನೊಂದು ಹಿಡಿಯಲಾರೆ." ನಾಳೆಯ ಸಂಜೆ ಕಿವಿಗೆ ಏನು ಹಾಕಿಕೊಳ್ಳುವುದು ಎಂಬುದು ಅಲಮೇಲಮ್ಮನಿಗೆ ತೋಚದಾಗಿತ್ತು.

ಹಜಾರದ ಉಳಿದರ್ಧ ಮೈದುನ ಶ್ರೀವತ್ಸನ ವಶದಲ್ಲಿತ್ತು. ಅವನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದವನು. ಹಿಂದೆ ಅವನು ಮಾಡಿದ ಚಟ್ನಿ ಯಂತ್ರದ ಗುರುತು ಅಡುಗೆಮನೆಯ ಸೂರಿನಲ್ಲಿ ಇನ್ನೂ ಹಸಿರಾಗಿಯೇ ಇದೆ. ಇವತ್ತು ಟೀವಿಯ ಮುಂದೆ ಮೂರು ವಿಡಿಯೊ ಗೇಮ್ ಪೆಟ್ಟಿಗೆಗಳು, ನಡುವೆ ವೈರು ಸುತ್ತಿದ ಒಂದು ಹಿತ್ತಾಳೆ ಡಬರಿ. ನೋಡಲು ಬಂದವರು ಪಕ್ಕದ ಮನೆಯ ಪದ್ಮರಾಜಯ್ಯ ಮೇಷ್ಟ್ರು, ಮೊಮ್ಮಕ್ಕಳಿಗೆಂದು ಗೇಮು ತಂದು ಅದನ್ನು ಮೊಮ್ಮಕ್ಕಳಿಗೆ ಮುಟ್ಟಗೊಡದ ಮನುಷ್ಯ.

"ಹಳೇ ಕ್ಯಾಸೆಟ್ ಪೆಟ್ಟಿಗೆ ಮುಂದೆ ಇವೆಲ್ಲ ಏನಯ್ಯ?" ಎಂದರು ಮೇಷ್ಟ್ರು. "ಕ್ಯಾಸೆಟ್ ಊದು, ತುರುಕು, ಆಟ ಶುರು. ನಿನ್ನ ಈ ಕರೀ ಪೆಟ್ಟಿಗೆ ಹಾಕಿ ನಾನು ಸ್ನಾನ ಮುಗಿಸಿ ಬಂದರೂ ಇನ್ನೂ 'ತಾಳಿ, ತಾಳಿ' ಅಂತಿರುತ್ತೆ."

"ಚಿತ್ರ ನೋಡಿ ಮೇಷ್ಟ್ರೇ. ಕರೀ ಪೆಟ್ಟಿಗೇಲಿ ಕುದುರೆ ಬೆವರೋದೂ ಕಾಣುತ್ತೆ. ನಿಮ್ಮದರಲ್ಲಿ ಕುದುರೆ ಯಾವುದು, ಮಂಚ ಯಾವುದು ಗೊತ್ತಾಗಲ್ಲ."

"ಬೆವರು ನೋಡೋಕೆ ಗೇಮ್ ಯಾಕಯ್ಯ? ಕರೆಂಟ್ ಹೋದಾಗ ನಿನ್ನ ಮುಖ ನೋಡಿದರಾಯ್ತು."

"ಕರೆಂಟ್ ಹೋದರೆ ನಿಮ್ಮದು ಮತ್ತೆ ಮೊದಲಿಂದ! ಎಲ್ಲಿವರೆಗೆ ಆಡಿದ್ರಿ ಅನ್ನೋ ನೆನಪೇ ಅದಕ್ಕಿಲ್ಲ."

ಕೈಯಲ್ಲಿ ಹಿಡಿಯುವ ಪುಟ್ಟ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು: ಹೋದಲ್ಲೆಲ್ಲ ಒಯ್ಯಬಹುದು, ಆದರೆ ಅದರ ಆಟ ನಡೆಸುವ ಕಡ್ಡಿ ಬೆರಳಿಡದಿದ್ದರೂ ಎಡಕ್ಕೇ ವಾಲುತ್ತದೆ.

"ಈ ಜಗಳ ತೀರಲಿ ಅಂತಲೇ ಇದನ್ನ ಮಾಡಿದ್ದು," ಎಂದು ಶ್ರೀವತ್ಸ ಡಬರಿಯ ಮೈ ಸವರಿದ. "ಯಾವುದರಲ್ಲಿ ಏನು ಗುಣ, ಏನು ದೋಷ, ಇದೇ ಹೇಳುತ್ತೆ. ಒಪ್ಪಿಗೆ ಕೊಟ್ಟರೆ ದೋಷಾನ ಕಿತ್ತೇ ಹಾಕುತ್ತೆ. ಮಾತು ಕಲಿಸೋಕೆ ನಮ್ಮ ವಾಚನದ ರೆಕಾರ್ಡಿಂಗ್ ಹಾಕಿದೀನಿ ಅತ್ತಿಗೆ. ಖರ್ಚಿಲ್ಲ ನೋಡಿ."

ಗುಂಡಿ ಒತ್ತಿದ್ದೇ ತಡ, ಡಬರಿ ಅನಂತಶಯನರ ಕಂಠದಲ್ಲಿ, ಅಪ್ಪಟ ಕಾಂಭೋಜಿಯಲ್ಲಿ ಹಾಡಿತು: "ಕರಿಯ ಪೆಟ್ಟಿಗೆಯ ಚಿತ್ರ ಬಲು ಸೊಗಸು, ತೆರೆದುಕೊಳ್ಳಲು ಬಲು ಸಾವಕಾಶ, ಈ ದೋಷವ ಕೀಳಲೇನು?" ಅನಂತಶಯನರು ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿತು.

"ಹೂಂ," ಎಂದರು ಅಲಮೇಲಮ್ಮ.

ಅವರ ತಪ್ಪಲ್ಲ. ಅಜ್ಜನ ತೊಡೆಯ ಮೇಲೆ ಕೂತು ಪದ್ಯ ಕೇಳಿದಂದಿನಿಂದ ಬಂದದ್ದು ಅದು; ಹೂಂಗುಟ್ಟದೆ ಕೇಳಿದ ಕಾವ್ಯ ದಕ್ಕುವುದಿಲ್ಲವೆಂದು ಅಜ್ಜ ಹೇಳುತ್ತಿದ್ದರು. ರೆಕಾರ್ಡಿಂಗ್ ತುಂಬ ಹಾಡು ಒಬ್ಬರದು, ಹೂಂ ಇವರದು. ಡಬರಿ ಅದನ್ನೇ ಅಪ್ಪಣೆಯೆಂದು ಕಲಿತಿತ್ತು. ಬೇರೆ ಯಾರ ಮಾತಿಗೂ ಅದು ಕಿವಿಗೊಡುತ್ತಿರಲಿಲ್ಲ.

ಕರಿಯ ಪೆಟ್ಟಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಜಂಬ ಕೊಚ್ಚಲು ಶ್ರೀವತ್ಸ ಬಾಯಿ ತೆರೆದ. ಬಾಯಿ ತೆರೆದೇ ಇತ್ತು. ಕಣ್ಣುಗುಡ್ಡೆಗಳು ನಿಧಾನವಾಗಿ ಒಂದು ಸುತ್ತು ತಿರುಗಿದವು, ಇನ್ನೊಂದು ಸುತ್ತು ತಿರುಗಿದವು. ಅಲಮೇಲಮ್ಮ ಒಳಗೆ ಹೋಗಿ ಒಲೆಯ ಮೇಲಿನ ಹಾಲು ಇಳಿಸಿ ಬಂದ ಮೇಲೆ ಮಾತು ಹೊರಟಿತು: "ನೋಡಿದ್ರಾ?"

ಅಷ್ಟರಲ್ಲಿ ಡಬರಿ ಪುಟ್ಟ ಪೆಟ್ಟಿಗೆ ಎಡಕ್ಕೆ ವಾಲುವ ದೋಷವನ್ನು ಹಾಡಿ ಮುಗಿಸಿತ್ತು.

"ಹೂಂ."

ಪುಟ್ಟ ಪೆಟ್ಟಿಗೆಯ ಕಡ್ಡಿ ನೆಟ್ಟಗೆ ನಿಂತಿತು. ಹತ್ತಿರದಿಂದ ನೋಡಲೆಂದು ಎದ್ದ ಮೇಷ್ಟ್ರು ಮಾತ್ರ ಎಡಕ್ಕೆ ನಡೆದು ಗೋಡೆಗೆ ಹಣೆ ಮುಟ್ಟಿಸಿದರು.

"ನಾನು ಟೀವಿ ಹತ್ತಿರಕ್ಕೆ ಹೊರಟಿದೀನಿ ತಾಯಿ," ಎಂದರು.

"ಅದು ದೇವರಮನೆ ಮೇಷ್ಟ್ರೇ."

ಮೇಷ್ಟ್ರು ಫಿಸಿಕ್ಸ್ ಪಾಠ ಮಾಡಿದವರು. ದೇವರಮನೆಯಿಂದಲೇ ಕೂಗಿದರು: "ಲೋ ಶ್ರೀವತ್ಸ, ಕಿತ್ತ ದೋಷಾನ ಇದು ಎಲ್ಲಿ ಬಿಸಾಕ್ತಿದೆಯೋ? ಶಕ್ತಿ ನಾಶ ಆಗಲ್ಲ ಕಣೋ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತೆ. ದೋಷಾನೂ ಹಾಗೇ! ಪ್ಲಗ್ ಕೀಳು ಮೊದಲು!"

ಶ್ರೀವತ್ಸ ಬಾಯಿ ತೆರೆದು ಕಣ್ಣು ತಿರುಗಿಸತೊಡಗಿದ. ಮೇಷ್ಟ್ರು ತಾವೇ ಹೊರಟರು. ಆದರೆ ಪ್ಲಗ್ಗು ಬಲಗಡೆಯ ಗೋಡೆಯಲ್ಲಿತ್ತು.

ಡಬರಿಗೆ ಉತ್ಸಾಹ ಏರಿತು. ಕ್ಯಾಸೆಟ್ ಪೆಟ್ಟಿಗೆಯ ಚಿತ್ರವೆಲ್ಲ ಚೌಕ ಚೌಕವೆಂದು ಮೋಹನ ರಾಗದಲ್ಲಿ ಎಳೆದು, ಕೀಳಲೇನೆಂದಿತು. ಅಲಮೇಲಮ್ಮ ಈ ಸಲ ಎಚ್ಚರವಾಗಿದ್ದರು. ಸೆರಗನ್ನು ಬಾಯಿಗೆ ಒತ್ತಿ ಹಿಡಿದರು. ಹೂಂ ಮೂಗಿನಿಂದ ಬಂತು. ಕ್ಯಾಲೆಂಡರಿನ ವೆಂಕಟರಮಣಸ್ವಾಮಿ ಮೈಯೆಲ್ಲ ಬಣ್ಣದ ಚೌಕಗಳಾಗಿ ನಿಂತ. ಅಲಮೇಲಮ್ಮ ಗಲ್ಲ ಗಲ್ಲ ಬಡಿದುಕೊಂಡರು.

ಅದೇ ಹೊತ್ತಿಗೆ ಅನಂತಶಯನರು ಚಪ್ಪಲಿ ಬಿಟ್ಟು ಒಳಗೆ ಬಂದರು. ಎಡಕ್ಕೆ ಸುತ್ತುತ್ತಿದ್ದ ಮೇಷ್ಟ್ರನ್ನು ಕಂಡು ಯಾವುದೋ ವ್ರತದ ಪ್ರದಕ್ಷಿಣೆ ಇರಬೇಕೆಂದು ಕೈಮುಗಿದು, ವ್ಯಾಸಪೀಠದ ಮುಂದೆ ಕೂತು ಗ್ರಂಥ ಬಿಚ್ಚಿದರು. ತನ್ನ ಗುರುವಿನ ಕಂಠ ಕೇಳಿದ ಡಬರಿ ತೆಪ್ಪಗಾಯಿತು.

ಪದ್ಯದ ಮೇಲೆ ಪದ್ಯ ಸರಿಯಿತು. ಅನಂತಶಯನರ ದನಿ ಬಿರುಕು ಬಿಡುತ್ತಿತ್ತು, ಅಲಮೇಲಮ್ಮನ ಹೂಂ ತೇವವಾಗುತ್ತಿತ್ತು. ಕೊನೆಯ ಪದ್ಯದ ಕೊನೆಯ ಸಾಲಿಗೆ ಮುಂಚೆ ಅನಂತಶಯನರು ಉಸಿರು ತೆಗೆದುಕೊಳ್ಳಲು ನಿಂತರು.

ಆ ಬಿಡುವಿಗಾಗಿಯೇ ಕಾದಿದ್ದ ಡಬರಿ ಮೆಲ್ಲಗೆ ಹಾಡಿತು: "ಕ್ಯಾಸೆಟ್ ಪೆಟ್ಟಿಗೆಗೆ ಉಳಿದದ್ದೊಂದು ದೋಷ. ಕರೆಂಟು ಹೋದರೆ ನಡೆದದ್ದ ಮರೆತು ಮೊದಲಿಗೆ ಮರಳುವುದು. ಇದ ಕೀಳಲೇನು?"

ಅಲಮೇಲಮ್ಮ ಅನಂತಶಯನರನ್ನು ನೋಡಿದರು. ಗ್ರಂಥದಲ್ಲಿ ಉಳಿದಿದ್ದ ಒಂದೇ ಸಾಲನ್ನು ನೋಡಿದರು.

"ಹೂಂ."

ಈ ಹೂಂ ಅಭ್ಯಾಸದ್ದೋ ಅಲ್ಲವೋ, ಚೌಕ ಚೌಕವಾಗಿ ನಿಂತ ಆ ಸ್ವಾಮಿಯೇ ಬಲ್ಲ.

ಸಂಜೆಯ ಕರೆಂಟು ಎಂದಿನಂತೆ ಹೋಯಿತು, ಎಂದಿನಂತೆ ಬಂತು. ಅನಂತಶಯನರು ಗ್ರಂಥ ಮಡಚಿ ಮೊದಲ ಹಾಳೆ ತೆರೆದರು. ಮುಖ ತೊಳೆದಷ್ಟು ಚೊಕ್ಕವಾಗಿತ್ತು. ಕಳೆದ ದಸರೆಗೆ ಮರಳಿದ್ದು ಅವರ ನೆನಪೊಂದೇ ಅಲ್ಲ, ಗಂಟಲೂ.

"ವಿಜಯದಶಮಿ, ಒಳ್ಳೇ ದಿನ," ಎಂದರು ಗಂಟೆ ಹೊಡೆದಂಥ ದನಿಯಲ್ಲಿ. "ಪ್ರಾರಂಭ ಮಾಡೋಣವೇ ತಾಯಿ?"

ಶ್ರೀವತ್ಸ ಡಬರಿಯ ಇನ್ನೊಂದು ಗುಂಡಿ ಒತ್ತಿ, ಕೈಜೋಡಿಸಿ, ಬಾಯಿ ತೆರೆದು, ಕಣ್ಣು ತಿರುಗಿಸಿ ಅಂತೂ ಹೇಳಿದ: "ಅತ್ತಿಗೆ... ಎಲ್ಲಾ ವಾಪಸು... ತೆಗೆಯೋ ದಾರಿ ಇದೆ. ಡಬರಿ ಈಗ ಕೇಳುತ್ತೆ. ಒಂದೇ ಒಂದು ಹೂಂ ಅನ್ನಿ. ಎಲ್ಲಾರಿಗೂ ಒಟ್ಟಿಗೇ ಸರಿಹೋಗುತ್ತೆ."

"ಅನ್ನಿ ತಾಯಿ," ಎಂದು ಮೇಷ್ಟ್ರು ಸುತ್ತುತ್ತಲೇ ಬೇಡಿಕೊಂಡರು.

"ದೋಷವೆಲ್ಲವ ತಿರುಗಿ ತರಲೇನು?" ಎಂದು ಡಬರಿ ಹಾಡಿ ನಿಂತಿತು.

ಅಲಮೇಲಮ್ಮ ಯೋಚಿಸಿದರು. ಎಡಕ್ಕೇ ತಿರುಗುತ್ತಾ ಹೋದರೂ ಬೀದಿ ಸುತ್ತಿ ಮೇಷ್ಟ್ರು ಮನೆ ಸೇರಬಹುದು, ಊಟಕ್ಕೆ ಸ್ವಲ್ಪ ತಡವಾದೀತು ಅಷ್ಟೆ. ಶ್ರೀವತ್ಸನ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಈಗ ಒಂದಿಡೀ ಪದ್ಯ ಕೇಳಬಹುದು. ಚೌಕವಾದರೇನು, ಸ್ವಾಮಿ ಸ್ವಾಮಿಯೇ.

ಅವರು ಕಾಲು ಮಡಚಿ ಕೂತು, ಸೆರಗು ಹೊದ್ದು, ಜೀವಮಾನದಲ್ಲಿ ಯಾವ ಹಾಡಿಗೂ ಹೇಳದ ಮಾತನ್ನು ಹೇಳಿದರು.

"ಉಹೂಂ."