ಭತ್ತದ ಗಿರಣಿಯ ಡೈನಮೋ ಸಾಹೇಬರ ಸನ್ನಿಧಿಗೆ

ಹೊನ್ನಾವರ, ಮೇ ೧೯೪೩

ಮಾನ್ಯರೇ,

ಕುಮಟೆಯ ಭತ್ತದ ಗಿರಣಿಯಲ್ಲಿ ಎಣ್ಣೆ ಇಂಜಿನ್ನಿನ ಬಲಗಡೆ ಕರೆಂಟು ಹುಟ್ಟಿಸಲು ವಿರಾಜಮಾನರಾಗಿರುವ ತಮಗೆ, ತಮ್ಮ ಬೆಲ್ಟಿಗೆ ಸಿಗದಷ್ಟು ದೂರ ನಿಂತು ಮಾಡುವ ನಮಸ್ಕಾರಗಳು.

ಮೊದಲು ಖರ್ಚಿನ ಬಾಬ್ತು. ತಮ್ಮ ಕೃಪೆಗೆ ಕಾದದ್ದು ಮೂರು ದಿನ, ಸುಟ್ಟ ಎಣ್ಣೆ ಎರಡು ಡಬ್ಬಿ, ಅಕ್ಕಿಯಾದ ಭತ್ತ ಆರು ಚೀಲ, ಹೋದ ಮಾನ ಒಂದು.

ಯುದ್ಧದ ದೆಸೆಯಿಂದ ಪೆಟ್ರೋಲು ರೇಷನ್ನಾದ ಮೇಲೆ, ಮುಂಬಯಿ ಬಿಟ್ಟು ಹೊರಟ ಇಂಗ್ಲಿಷ್ ದೊರೆಯೊಬ್ಬನ, ಪೆಟ್ರೋಲು ಬೇಡದ ಹಳೆಯ ಬ್ಯಾಟರಿ ಮೋಟಾರು ಕಾರನ್ನು ನಾನು ದೋಣಿಯಲ್ಲಿ ಹೇರಿಸಿ ತಂದದ್ದು ತಮ್ಮನ್ನೇ ನಂಬಿ. ಈ ಸೀಮೆಯಲ್ಲಿ ಅದರ ಹೊಟ್ಟೆ ತುಂಬಿಸಬಲ್ಲವರು ತಾವೊಬ್ಬರೇ. ಕುಮಟೆಯ ಮದುಮಗ ವಿಘ್ನೇಶ್ವರನನ್ನು ಸೋಮವಾರದ ಗೋಧೂಳಿ ಮುಹೂರ್ತಕ್ಕೆ ಹೊನ್ನಾವರದ ಮಂಗಲಾಳ ಮನೆಗೆ ಮುಟ್ಟಿಸುತ್ತೇನೆಂದು ಅವಳ ಅಪ್ಪ ವೆಂಕಟನಿಗೆ ಮಾತು ಕೊಟ್ಟಿದ್ದೆ. ಅದೇ ಮೊದಲ ಬಾಡಿಗೆ. ತಪ್ಪಿದರೆ ಮತ್ತೆ ಯಾರೂ ನನ್ನ ಮೋಟಾರು ಹತ್ತುವವರಲ್ಲ.

ಶುಕ್ರವಾರ ತಾವು ತಿರುಗಲೇ ಇಲ್ಲ. ಕೇಳಿದರೆ ಗಿರಣಿಯ ಪಾಂಡು, "ಎಂತ ಮಾರಾಯ್ರೆ, ಭತ್ತ ಇಲ್ದೆ ಇಂಜಿನ್ ಓಡ್ಸುಕೆ ಎಣ್ಣೆ ನಿಮ್ಮಜ್ಜ ತಂದು ಕೊಡ್ತಾನ?" ಎಂದ. ಭತ್ತ ಹೆಚ್ಚಾದರೆ ಕರೆಂಟೂ ಹೆಚ್ಚಾಗಬೇಕೆಂದು ಲೆಕ್ಕ ಹಾಕಿದ ನಾನು, ಮದುವೆ ಊಟದ ಭತ್ತವನ್ನು ಮನೆಯ ಒನಕೆಗೆ ಹಾಕದೆ ತಮ್ಮ ಗಿರಣಿಗೇ ಕಳಿಸುವಂತೆ ವೆಂಕಟನನ್ನು ಒಪ್ಪಿಸಿದೆ. ಅವನು ಬೊಮ್ಮನ ಎತ್ತಿನ ಗಾಡಿಯಲ್ಲಿ ಆರು ಚೀಲ ಕಳಿಸಿದ. ತಾವೋ, ಮೊದಲ ಚೀಲ ಸುರಿದೊಡನೆ ಏದುಸಿರು ಬಿಟ್ಟಿರಿ. ಇಂಜಿನ್ನಿನ ಬಲವೆಲ್ಲ ಭತ್ತಕ್ಕೇ ಹೋಗಿ, ತಮ್ಮ ಬೆಲ್ಟು ಜಾರಿ, ಬ್ಯಾಟರಿಗೆ ಇಳಿದದ್ದು ಜ್ವರದವನಿಗೆ ಕುಡಿಸುವ ಗಂಜಿತಿಳಿಯಷ್ಟು. ಭತ್ತವಿದ್ದರೆ ಶಕ್ತಿಯಿಲ್ಲ, ಭತ್ತವಿಲ್ಲದಿದ್ದರೆ ತಾವೇ ಇಲ್ಲ. ಇಷ್ಟು ನಿಷ್ಪಕ್ಷಪಾತಿಯಾದ ಅಧಿಕಾರಿಯನ್ನು ನಾನು ಕಂಡಿಲ್ಲ.

ಸೋಮವಾರ ಬೆಳಿಗ್ಗೆ ಮೋಟಾರು ಬಾಸಿಂಗದ ಮದುಮಗನನ್ನು ಹೊತ್ತು ಗಿರಣಿಯ ಅಂಗಳ ದಾಟಿತು, ಹಾರ್ನು ಹೊಡೆಯಿತು, ನಿಂತಿತು. ಅಕ್ಕಿ ಹೇರಿಕೊಂಡು ಹೊನ್ನಾವರಕ್ಕೆ ಹೊರಟಿದ್ದ ಬೊಮ್ಮ ನೋಡಿ, "ಹಗ್ಗ ಉಂಟು ಒಡೆಯಾ, ಹಿಂದೆ ಕಟ್ರೆ ಆತು" ಎಂದ. ಕಟ್ಟಿದೆವು. ಮುಂದೆ ಎತ್ತು, ನಡುವೆ ಮದುವೆಯ ಅಕ್ಕಿ, ಹಿಂದೆ ಮದುಮಗ. ಗೋಧೂಳಿಗೆ ಅರ್ಧ ಗಳಿಗೆ ಮೊದಲೇ ಮುಟ್ಟಿದೆವು.

ಆದ್ದರಿಂದ ತಾವು ಇನ್ನು ಮುಂದೆ ಗಾಳಿ ಕುಡಿದಾದರೂ ತಿರುಗಬೇಕು. ಆಗದಿದ್ದರೆ ಹೊನ್ನಾವರವನ್ನು ತಮ್ಮ ಅಂಗಳದ ಪಕ್ಕಕ್ಕೆ ಸರಿಸಿಕೊಡಬೇಕೆಂದು ಪ್ರಾರ್ಥನೆ.

ಬೆಲ್ಟು ಜಾರಿದರೂ ಭಕ್ತಿ ಜಾರದ,
ತಮ್ಮ ವಿಶ್ವಾಸಿ,
ಮಾಬ್ಲೇಶ್ವರ, ಮೋಟಾರು ಮಾಲೀಕ

ತಾ.ಕ.: ಜಮೆಯ ಪಟ್ಟಿ ಹೀಗಿದೆ. ಪಾಂಡುವಿಗೆ ತೌಡು, ವೆಂಕಟನಿಗೆ ಅಕ್ಕಿ, ಮಂಗಲಾಳಿಗೆ ಗಂಡ, ಎತ್ತುಗಳಿಗೆ ಮದುವೆಮನೆಯ ಹಿಂಡಿ. ನನಗೆ ಇನ್ನೆರಡು ಮದುವೆಯ ಬಾಡಿಗೆ, ಎತ್ತುಗಳ ಸಮೇತ. ತಮಗೆ ಏನೂ ಇಲ್ಲ.