ಪೊರೆಯ ಮೇಲಿನ ಹೆಬ್ಬೆಟ್ಟು

ಮನುಷ್ಯನಿಗೆ ಅನ್ನ, ಬಟ್ಟೆ, ತಲೆಯ ಮೇಲೊಂದು ಸೂರು ಇದ್ದರೆ ಸಾಕು ಎನ್ನುತ್ತಾರೆ. ಸಾಲದು ಸ್ವಾಮಿ, ಒಂದು ಗಟ್ಟಿ ನೆಪವೂ ಬೇಕು. ವಿಲೆ ಪಾರ್ಲೆಯ ಪ್ರಯೋಗಾಲಯವೊಂದರಲ್ಲಿ ಗುತ್ತಿಗೆಯ ಮೇಲಿದ್ದ ನನಗೆ ಅಂಥದ್ದೊಂದು ನೆಪವಿತ್ತು; ಅದನ್ನೂ ಕಿತ್ತುಕೊಂಡರು. ಜೀವಕೋಶಗಳಿಂದ ತೆಗೆದ ಪ್ರೋಟೀನುಗಳನ್ನು ಲೋಳೆಯಂಥ ಜೆಲ್ಲಿನಲ್ಲಿ ಬೇರೆಬೇರೆ ಮಾಡಿ, ಕರೆಂಟು ಹಾಯಿಸಿ, ತೆಳ್ಳನೆಯ ಬಿಳಿ ಪೊರೆಯೊಂದಕ್ಕೆ ದಾಟಿಸುವುದು ನನ್ನ ಕೆಲಸ. ಆಮೇಲೆ ಆಂಟಿಬಾಡಿ ಸುರಿದರೆ, ಅದು ನಮಗೆ ಬೇಕಾದ ಒಂದೇ ಪ್ರೋಟೀನನ್ನು ಹುಡುಕಿ ಹಿಡಿದು ಅಲ್ಲೊಂದು ಗೆರೆ ಮೂಡಿಸಬೇಕು. ಮೂಡುತ್ತಿರಲಿಲ್ಲ. "ಪ್ರೋಟೀನು ದಾಟಿಲ್ಲ ಮೇಡಂ" ಎಂದು ಮುಖ ಇಳಿಬಿಟ್ಟರೆ ಮುಗಿಯಿತು, ಅದೇ ನನ್ನ ನೆಪ. ಹಳೆಯ ಕೆಂಪು ಬಣ್ಣ ಹಾಕಿ ನೋಡಿದರೂ ಎಲ್ಲ ಮಸುಕು ಮಸುಕು. ದಾಟಿದೆ ಎಂದರೂ ನಡೆಯುತ್ತಿತ್ತು, ಇಲ್ಲ ಎಂದರೂ ನಡೆಯುತ್ತಿತ್ತು.

ಹಾಗಿರುವಾಗ ಪ್ರಯೋಗಾಲಯ ನಡೆಸುವ ಮೇಡಂ ಹೊಸದೊಂದು ಹೊಳೆಯುವ ಬಣ್ಣ ತರಿಸಿದರು. ಆಂಟಿಬಾಡಿಗೆ ಮೊದಲು ಪೊರೆಯನ್ನು ಅದರಲ್ಲಿ ಅದ್ದಿ ನೀಲಿ ಬೆಳಕಿಗೆ ಹಿಡಿದರೆ, ದಾಟಿ ಬಂದ ಪ್ರೋಟೀನುಗಳೆಲ್ಲ ಮಿನುಗುತ್ತವಂತೆ. "ಈ ಸಲ ಗೆರೆ ಬಂದರೆ ಪ್ರಾಜೆಕ್ಟ್ ಮುಂದುವರಿಯುತ್ತೆ. ಬರದಿದ್ರೆ ತಿಂಗಳ ಕೊನೆಗೆ ಬಂದ್, ನಿಮ್ಮ ಕೆಲಸವೂ" ಎಂದು ಹಿಂದಿಯಲ್ಲಿ ಹೇಳಿದರು.

ಕೆಲಸ ಹೋಗುವುದಕ್ಕಿಂತ ಅಪ್ಪನಿಗೆ ಹೇಳುವುದೇ ನನಗೆ ದೊಡ್ಡ ಭಯ. ಗದಗದ ಕಡೆಯಿಂದ ಬಂದು ಈ ಊರಿನ ಬಿಲ್ಡಿಂಗುಗಳಿಗೆ ಸಿಮೆಂಟು ಕಲಸಿದವನು. ಧಾರಾವಿಯ ಚಾಳಿನಲ್ಲಿ ಕೂತು ನನ್ನನ್ನು ಎಂ.ಎಸ್ಸಿ. ಓದಿಸಿದವನು. "ನಾ ಹೆಬ್ಬಟ್ಟ ಒತ್ತಿದ್ದು ಸಾಕು ತಮ್ಮಾ, ನೀ ಸೈ ಮಾಡು" ಎನ್ನುವುದು ಅವನ ಒಂದೇ ಮಂತ್ರ. ಗೆರೆಯ ವಿಷಯ ಅವನಿಗೆ ಹೇಳಿದ್ದೇ ತಪ್ಪಾಯಿತು.

ಅವತ್ತು ರೊಟ್ಟಿ, ಝುಣಕ ತಿಂದು ಬಂದು, ಕೈಗವಸು ಹಾಕಿ, ಪೊರೆ ಎತ್ತಬೇಕು, ಅಪ್ಪನ ಫೋನು. ಕೈಗವಸಿನ ಬೆರಳಿಗೆ ಫೋನು ಜಪ್ಪಯ್ಯ ಅನ್ನಲಿಲ್ಲ, ಬಲಗೈಯದನ್ನು ಕಿತ್ತೆ.

"ತಮ್ಮಾ, ಗೆರಿ ಬಂತೇನ?"

"ಇನ್ನೂ ಬಣ್ಣಾನ ಹಾಕಿಲ್ಲಪಾ. ಇಡು ಫೋನ್."

ಅದೇ ಗಡಿಬಿಡಿಯಲ್ಲಿ, ಅದೇ ಬರಿಗೈಯಲ್ಲಿ ಪೊರೆ ಎತ್ತಿ ಬಣ್ಣಕ್ಕೆ ಹಾಕಿದೆ. ಆಮೇಲೆ ನೀಲಿ ಬೆಳಕು ಹಾಕಿದರೆ, ಅಬ್ಬಾ! ಸಾಲು ಸಾಲಾಗಿ ಪ್ರೋಟೀನುಗಳು ದೀಪ ಹಚ್ಚಿಟ್ಟ ಹಾಗೆ. ಒಂದೂ ತಪ್ಪಿಸಿಕೊಂಡಿರಲಿಲ್ಲ. ಮೂಲೆಯಲ್ಲಿ ಮಾತ್ರ, ಎಲ್ಲಕ್ಕಿಂತ ಹೆಚ್ಚು ಝಗಝಗಿಸುತ್ತ, ಒಂದು ಹೆಬ್ಬೆಟ್ಟು! ಬೆವರು, ಝುಣಕದ ಅರಿಸಿನ ಎಲ್ಲ ಸೇರಿ ಸುಳಿಸುಳಿಯಾಗಿ ಮೂಡಿತ್ತು. "ಹೇ ಕುಣಾಚಂ?" ಎಂದರು ಮರಾಠಿಯ ಮೇಡಂ. ಯಾರದೆಂದು ಹೇಳಲಿ? ಕೋಣೆಯಲ್ಲಿದ್ದದ್ದು ನಾವಿಬ್ಬರೇ.

ಪೊರೆಯ ಚಿತ್ರ ತೆಗೆದು, ನನ್ನ ಫೋನಿಗೂ ಹಾಕಿಕೊಂಡು, ಬಣ್ಣ ತೊಳೆದು ಆಂಟಿಬಾಡಿ ಸುರಿದೆ. ಮರುದಿನ ನೋಡಿದರೆ ಗೆರೆಯೇ ಇಲ್ಲ, ಪೊರೆ ಖಾಲಿ. ನಾವು ಹುಡುಕುತ್ತಿದ್ದ ಪ್ರೋಟೀನು ಆ ಕೋಶಗಳಲ್ಲಿ ಇರಲೇ ಇಲ್ಲ. ಮೇಡಂ ಬೈಯಲಿಲ್ಲ, ನಿನ್ನೆಯ ಚಿತ್ರ ನೋಡುತ್ತ "ದಾಟಿಸಿದ್ದು ಮಾತ್ರ ಬಹಳ ಚೆನ್ನಾಗಿತ್ತು" ಎಂದರು. ನನ್ನ ಕೆಲಸವನ್ನು ಅವರು ಹೊಗಳಿದ್ದು ಅದೇ ಮೊದಲು, ಅದೇ ಕೊನೆ.

ಮನೆಗೆ ಹೋದೆ. ಫೋನಿನಲ್ಲಿದ್ದ ಆ ಹೊಳೆಯುವ ಚಿತ್ರವನ್ನೇ ಅಪ್ಪನ ಮುಂದೆ ಹಿಡಿದೆ. ಅವನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.

"ಇದು ನಿನ್ನ ಹೆಬ್ಬಟ್ಟ ಅಲ್ಲೇನಲೇ?"

"ಹೌದಪಾ. ಕೆಲಸಾ ಹೋತು."

ಅಪ್ಪ ತನ್ನ ಹೆಬ್ಬೆರಳು ಸವರಿಕೊಳ್ಳುತ್ತ, "ಎಷ್ಟ ಚೊಕ್ಕ ಮೂಡೇತಿ ನೋಡು! ನನ್ನ ಬೆರಳಾಗಿನ ಗೆರಿ ಎಲ್ಲಾ ಸಿಮೆಂಟ್ ತಿಂದೈತಿ. ರೇಷನ್ ಅಂಗಡಿ ಮಷೀನಿಗೆ ಎಷ್ಟ ಒತ್ತಿದ್ರೂ ತಗೋಳಾಂಗಿಲ್ಲ. ಹೋಗ್ಲಿ ಬಿಡು. ನಾಳೆ ಅಂಗಡಿಗೆ ನೀನ ಬಾ, ಒತ್ತು" ಎಂದ.

ಹೋದೆ. ಮೊದಲ ಒತ್ತಿಗೇ ಮಷೀನು ಪೀಂ ಎಂದು ಒಪ್ಪಿಕೊಂಡಿತು. ಹಿಂದೆ ನಿಂತಿದ್ದ ಅಪ್ಪ ಇಡೀ ಸಾಲಿಗೆ ಕೇಳುವಂತೆ, "ಮೇರಾ ಬೇಟಾ ಹೈ. ಎಂ.ಎಸ್ಸಿ. ಪಾಸ್!" ಎಂದ. ನಾನು ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ಅಕ್ಕಿಗೆ ಚೀಲ ಒಡ್ಡಿದೆ.